ನಿಮ್ಮ ವಿಮಾನದ ಲೇಖನದಲ್ಲಿ ಮನುಷ್ಯರೇ ಇಲ್ಲವಲ್ಲ

ನಮಸ್ಕಾರ.

ನೀವು ಕಳಿಸಿದ 'ಲೋಹದ ಹಕ್ಕಿಯ ಜನನ' ಓದಿದೆ. ಅಮೆರಿಕದ ಎವರೆಟ್‌ನಲ್ಲಿ ಬೋಯಿಂಗ್‌ನವರು 777 ವಿಮಾನಗಳನ್ನು ಹೇಗೆ ಜೋಡಿಸುತ್ತಾರೆ ಅನ್ನೋದು ನಮ್ಮ ಓದುಗರಿಗೆ ಬೇಕಾದ ವಿಷಯವೇ. ಭಾಷೆ ಸಲೀಸಾಗಿದೆ, ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಇಷ್ಟು ಸಾಕು, ಯಾಕಂದ್ರೆ ಮೂರನೇ ಪ್ಯಾರಾಕ್ಕೆ ಬರುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು.

ಅದರ ಮೊದಲ ಸಾಲು: "ವಿಮಾನದ ಒಡಲನ್ನು ರೋಬಾಟ್‌ಗಳ ಮೂಲಕ ಕ್ಷಣಾರ್ಧದಲ್ಲಿ ಜೋಡಿಸಲಾಗುತ್ತದೆ." ಯಾವ ಕ್ಷಣಾರ್ಧ ಸ್ವಾಮಿ? ಒಂದು 777ರ ಒಡಲಿಗೆ ಸುಮಾರು 60,000 ರಿವೆಟ್, ಅಂದರೆ ತಗಡುಗಳನ್ನು ಬೆಸೆದು ಹಿಡಿಯುವ ಲೋಹದ ಮೊಳೆಗಳು ಬೇಕು. ವರ್ಷಗಟ್ಟಲೆ ಅವನ್ನು ಹೊಡೆದದ್ದು ಜೋಡಿ ಕೆಲಸಗಾರರು. ಒಬ್ಬರು ಹೊರಗೆ ನಿಂತು ರಿವೆಟ್‌ನ ತಲೆಗೆ ಗನ್‌ನಿಂದ ಬಡಿಯುತ್ತಿದ್ದರು. ಇನ್ನೊಬ್ಬರು ಒಳಗಡೆ ಅದರ ಬಾಲಕ್ಕೆ ಬಕಿಂಗ್ ಬಾರ್ ಅನ್ನೋ ಲೋಹದ ಗಟ್ಟಿಯನ್ನು ಒತ್ತಿ ಹಿಡಿಯುತ್ತಿದ್ದರು, ಬಾಲ ಚಪ್ಪಟೆಯಾಗಿ ಎರಡೂ ತಗಡು ಕಚ್ಚಿಕೊಳ್ಳುತ್ತಿದ್ದವು. ನಡುವೆ ತಗಡು, ಒಬ್ಬರ ಮುಖ ಒಬ್ಬರಿಗೆ ಕಾಣದು. ದಿನವಿಡೀ ಅದೇ ಅದುರು, ತೋಳು ಭುಜ ಏನಾಗಬೇಡ?

ಎರಡನೇ ಸಾಲು: "ಇಲ್ಲಿ ಮನುಷ್ಯನ ಕೈ ಸೋಕುವುದೇ ಇಲ್ಲ." ಇದಂತೂ ಪೂರಾ ಉಲ್ಟಾ. ಆ ಜೋಡಿಯ ಜಾಗಕ್ಕೆ ಬೋಯಿಂಗ್ ರೋಬಾಟ್ ಜೋಡಿ ತಂದದ್ದು ನಿಜ, ಹೊರಗೊಂದು ಒಳಗೊಂದು. ಅವೆರಡೂ ತಾಳ ತಪ್ಪಿದವು, ಬಿಟ್ಟ ಕೆಲಸವನ್ನು ಜನವೇ ಮುಗಿಸಬೇಕಾಯಿತು, ಕೊನೆಗೆ 2019ರಲ್ಲಿ ಕಂಪನಿಯೇ ಆ ವ್ಯವಸ್ಥೆ ಕೈಬಿಟ್ಟಿತು. ಆಮೇಲೆ ಬಂದ ಪದ್ಧತಿಯಲ್ಲಿ ಒಡಲಿಗೆ ಅಂಟಿಸಿದ ಹಳಿಯ ಮೇಲೆ ಓಡುವ ಯಂತ್ರ ತೂತು ಕೊರೆಯುತ್ತದೆ, ರಿವೆಟ್ ಕೂರಿಸೋದು ಮತ್ತೆ ಕೈಯಲ್ಲೇ. ನಿಮ್ಮ ಲೇಖನದ ಕತೆ ಇಲ್ಲೇ ಇತ್ತು, ಅಲ್ವಾ? ಅದನ್ನು ಬಿಟ್ಟು ಕಾರ್ಖಾನೆಯೊಳಗೆ ಎಷ್ಟು ಫುಟ್‌ಬಾಲ್ ಮೈದಾನ ಹಿಡಿಸುತ್ತವೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೀರಿ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ನಮ್ಮ ಹಿರಿಯ ಉಪಸಂಪಾದಕರು ನನ್ನನ್ನು ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿಗೆ ಅಟ್ಟಿದ್ದರು. ಪುಟಗಟ್ಟಲೆ ಬರೆದು ತಂದೆ. ವೆಲ್ಡಿಂಗ್ ಮಾಡುವ ಹುಡುಗ ಕಿಡಿ ತಾಗದಿರಲಿ ಅಂತ ಕಾಲಿಗೆ ಒದ್ದೆ ಗೋಣಿಚೀಲ ಸುತ್ತಿಕೊಂಡಿದ್ದ ಅನ್ನೋ ಒಂದು ಸಾಲು ಅದರಲ್ಲಿತ್ತು. ಅವರು ಅದಕ್ಕೆ ಸುತ್ತು ಹಾಕಿ, ಉಳಿದದ್ದಕ್ಕೆಲ್ಲ ಕೆಂಪು ಗೀಟು ಎಳೆದು, "ಈ ಹುಡುಗನಿಂದ ಶುರು ಮಾಡಿ ತಗೊಂಡು ಬಾ" ಅಂದರು. ಸಿಟ್ಟಿನಲ್ಲಿ ಅವರ ಜೊತೆ ಚಹಾಕ್ಕೆ ಹೋಗೋದನ್ನೇ ನಿಲ್ಲಿಸಿದ್ದೆ. ಆ ಮನುಷ್ಯ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ ಅನ್ನಿ.

ಇನ್ನೊಂದು ಸಾಲು, ಕೊನೆಯ ಪುಟದ್ದು: "ಸೀಟುಗಳನ್ನು ಕಿತ್ತರೆ ಅದೇ ಸರಕು ವಿಮಾನ." ಸುಮ್ನೆ ಬರೆದುಬಿಟ್ಟಿರಾ? 2009ರಲ್ಲಿ ಏರ್ ಫ್ರಾನ್ಸ್‌ಗೆ ಮೊದಲು ಕೊಟ್ಟ 777 ಫ್ರೈಟರ್ ಹುಟ್ಟಿನಿಂದಲೇ ಸರಕಿನದ್ದು. ಪ್ರಯಾಣಿಕರ ಕಿಟಕಿಗಳಿಲ್ಲ. ನೂರು ಟನ್ನಿನಷ್ಟು ಹೊರಲು ನೆಲವೇ ಬೇರೆ, ಜಾಸ್ತಿ ಗಟ್ಟಿ. ಸರಕು ಮುಂದಕ್ಕೆ ನುಗ್ಗಿ ಪೈಲಟ್‌ಗಳ ಮೇಲೆ ಬೀಳದಂತೆ ಅಡ್ಡಗೋಡೆ. ಎಡಗಡೆ ರೆಕ್ಕೆಯ ಹಿಂದೆ ದೊಡ್ಡ ಬಾಗಿಲು. ವಿಮಾನದ ಹೊರತಗಡು ಬರೀ ಹೊದಿಕೆಯಲ್ಲ, ಭಾರವನ್ನೂ ಒಳಗಿನ ಗಾಳಿಯ ಒತ್ತಡವನ್ನೂ ಅದೇ ತಡೆಯಬೇಕು. ಅದರಲ್ಲಿ ಅಷ್ಟಗಲ ಕಂಡಿ ಬಿಟ್ಟರೆ ಸುತ್ತಲ ಚೌಕಟ್ಟನ್ನೆಲ್ಲ ಬಲಪಡಿಸಬೇಕಾಗುತ್ತದೆ. ಹಳೇ ಪ್ರಯಾಣಿಕ ವಿಮಾನವನ್ನು ಸರಕಿಗೆ ಬದಲಾಯಿಸುವವರೂ ಇದ್ದಾರೆ, ಅವರೂ ಸೀಟು ಕಿತ್ತು ಕೈ ತೊಳೆದುಕೊಳ್ಳಲ್ಲ, ಒಡಲನ್ನೇ ಕತ್ತರಿಸಿ ಬಾಗಿಲು ಕೂರಿಸುತ್ತಾರೆ.

ಹಕ್ಕಿ, ಜನನ, ಮೈದಾನ ಎಲ್ಲ ತೆಗೆಯಿರಿ. ರಿವೆಟ್ ಜೋಡಿಯಿಂದ ಶುರು ಮಾಡಿ, ರೋಬಾಟ್ ಬಂದು ಹೋದದ್ದನ್ನು ಹೇಳಿ. ಸರಕು ವಿಮಾನದ್ದು ಬೇರೆ ಲೇಖನವಾಗಲಿ, ಇದು ಅಚ್ಚಾದ ಮೇಲೆ ನೋಡೋಣ. ನೆಟ್‌ನಿಂದ ಎತ್ತಿದ ಫೋಟೊ ಬೇಡ. ಪಿಡಿಎಫ್ ಕೂಡ ಬೇಡ, ಯುನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ.