ಬೆಲ್ಟ್ ಬಂತು, ಬಿಡಿಸಿಕೊಳ್ಳಲು ಬರುತ್ತಿಲ್ಲ: ಕ್ಲಾಸ್ ಬದಲಿಸಬೇಕೇ?

ಮಗಳ ಕರಾಟೆ ಕ್ಲಾಸ್ ಬದಲಿಸಬೇಕೇ ಅಂತ ಕೇಳಿದ್ದೀರಿ. ತೊಂದರೆ ಮಗಳದ್ದಲ್ಲ, ಕ್ಲಾಸಿನದ್ದೇ ಇರಬೇಕು. 6 ತಿಂಗಳಲ್ಲಿ 3 ಬೆಲ್ಟ್ ಬಂದರೂ ಯಾರಾದರೂ ಕೈ ಹಿಡಿದರೆ ಬಿಡಿಸಿಕೊಳ್ಳಲು ಬರುತ್ತಿಲ್ಲ ಅಂದರೆ, ಬಹುಶಃ ಬರೀ ಗಾಳಿಗೆ ಗುದ್ದಿಸುತ್ತಿದ್ದಾರೆ.

ಬೇರೆ ಕಡೆ ಸೇರಿಸುವ ಮೊದಲು ಒಂದು ಪೂರ್ತಿ ಕ್ಲಾಸ್ ಕೂತು ನೋಡಿ. ಪೋಷಕರನ್ನು ಒಳಗೆ ಬಿಡದಿದ್ದರೆ ಆ ಜಾಗ ಕೈಬಿಡಿ. ಗಂಟೆಯಲ್ಲಿ 15-20 ನಿಮಿಷವಾದರೂ ಜೋಡಿ ಅಭ್ಯಾಸ ಇರಬೇಕು, ಹಿಡಿದವರು ಸುಮ್ಮನೆ ಬಿಟ್ಟುಕೊಡಬಾರದು. ಜೂಡೋ, ಕುಸ್ತಿಯಲ್ಲಿ ಇದು ತಾನಾಗೇ ಬರುತ್ತದೆ. ಕರಾಟೆಯಲ್ಲಿ ಅದು ಕಲಿಸುವವರ ಮೇಲೆ ನಿಂತಿದೆ. ಹೊಸಬರಿಗೆ ಮೊದಲು ಬೀಳುವುದನ್ನು ಕಲಿಸುತ್ತಾರಾ ಗಮನಿಸಿ: ಗದ್ದ ಎದೆಗೊತ್ತಿ, ಅಂಗೈ ಮುಂಗೈ ಒಟ್ಟಿಗೆ ನೆಲಕ್ಕೆ ಬಡಿಯಬೇಕು. ಕೈ ಊರಿದರೆ ಮಣಿಕಟ್ಟು ಹೋಯಿತು.

ಆಮೇಲೆ ಬೆಲ್ಟ್ ಪರೀಕ್ಷೆಯ ಶುಲ್ಕ ಎಷ್ಟು, ವರ್ಷಕ್ಕೆಷ್ಟು ಸಲ ಅಂತ ಕೇಳಿ. ಎರಡೇ ವರ್ಷಕ್ಕೆ ಕಪ್ಪು ಬೆಲ್ಟ್ ಗ್ಯಾರಂಟಿ ಅಂದರೆ ಎದ್ದು ಬನ್ನಿ. ಸದ್ಯಕ್ಕೆ ಒಂದು ತಿಂಗಳ ಫೀಸು ಮಾತ್ರ ಕಟ್ಟಿ.