ತಂಗಿ, ಡಿಎನ್‌ಪಿಗೆ ಈಗಲೇ ದುಡ್ಡು ಕಟ್ಟಬೇಡ

ಹೂಸ್ಟನ್‌ಗೆ ಬಂದು ಮೂರು ತಿಂಗಳು, ನೈಟ್ ಡ್ಯೂಟಿ, ಕೈಯಲ್ಲಿ ಬೆಂಗಳೂರಿನ ಎಂ.ಎಸ್ಸಿ. ನರ್ಸಿಂಗ್. ಒಂದೂವರೆ ವರ್ಷದಲ್ಲಿ ಡಿಎನ್‌ಪಿ, ಅಂದರೆ ನರ್ಸಿಂಗ್ ಪ್ರಾಕ್ಟೀಸಿನ ಡಾಕ್ಟರೇಟ್, ಮುಗಿಸಿ ‘ಡಾಕ್ಟರ್’ ಆಗಬಹುದು ಅಂತ ಆನ್‌ಲೈನ್ ಕೋರ್ಸಿನವರು ದಿನಾ ಫೋನ್ ಮಾಡ್ತಾರೆ, ಸೇರಲಾ ಅಕ್ಕಾ ಅಂತ ಕೇಳಿದ್ದೀಯ. ಬೇಡ. ಓದಲೇ ಬೇಡ ಅಂತಲ್ಲ, ಈಗ ಬೇಡ, ಆ ಕೋರ್ಸಂತೂ ಬೇಡ.

ಮೊದಲು ಆ ಒಂದೂವರೆ ವರ್ಷದ ಲೆಕ್ಕ. ಅಷ್ಟು ಬೇಗ ಮುಗಿಯುವುದು ಸಾಮಾನ್ಯವಾಗಿ ಆಡಳಿತ, ನಾಯಕತ್ವದ ಡಿಎನ್‌ಪಿ. ಅದು ಮುಗಿದ ಮೇಲೂ ನೀನು ನರ್ಸ್ ಪ್ರಾಕ್ಟೀಷನರ್ (ರೋಗಿಗಳನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ನರ್ಸ್) ಆಗಿರುವುದಿಲ್ಲ, ಔಷಧಿ ಬರೆಯುವಂತಿಲ್ಲ. ನಮ್ಮೂರ ಎಂ.ಎಸ್ಸಿ. ಹೆಚ್ಚಾಗಿ ಪಾಠ ಮಾಡುವುದಕ್ಕೆ, ವಾರ್ಡು ನಡೆಸುವುದಕ್ಕೆ ತಯಾರು ಮಾಡುತ್ತದೆ. ಇಲ್ಲಿ ಕೇಳುವುದೇ ಬೇರೆ: ಮೇಲ್ಮಟ್ಟದ ಫಾರ್ಮಕಾಲಜಿ, ಪ್ಯಾಥೋಫಿಸಿಯಾಲಜಿ, ದೇಹ ಪರೀಕ್ಷೆ, ಅದರ ಜೊತೆಗೆ ಯಾವ ಬಗೆಯ ರೋಗಿಗಳನ್ನು ನೋಡುತ್ತೀಯೋ ಅವರ ನಡುವೆಯೇ ನೂರಾರು ಗಂಟೆಗಳ ಕ್ಲಿನಿಕಲ್ ತರಬೇತಿ. ಆಮೇಲೆ ಸರ್ಟಿಫಿಕೇಷನ್ ಪರೀಕ್ಷೆ. ಬಿ.ಎಸ್ಸಿ.ಯಿಂದ ನೇರ ಡಿಎನ್‌ಪಿಗೆ ಹೋಗುವವರಿಗೆ ಒಟ್ಟು 1000 ಗಂಟೆ ಅಂಥ ತರಬೇತಿ, ಪೂರ್ತಿ ಹೊತ್ತು ಓದಿದರೂ ಮೂರು ನಾಲ್ಕು ವರ್ಷ.

ಇಷ್ಟೊಂದು ಡಾಕ್ಟರೇಟ್ ಗಲಾಟೆ ಯಾಕೆ ಅಂದರೆ, 2004ರಲ್ಲಿ ಇಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2015ರೊಳಗೆ ನರ್ಸ್ ಪ್ರಾಕ್ಟೀಷನರ್‌ಗಳೂ ಸೇರಿ ಎಲ್ಲ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸುಗಳಿಗೂ ಡಾಕ್ಟರೇಟ್ ಆಗಬೇಕು ಅಂತ ನಿರ್ಧಾರ ಮಾಡಿತು. 2015 ಬಂತು, ಹೋಯಿತು. ನರ್ಸ್ ಪ್ರಾಕ್ಟೀಷನರ್‌ಗಳಿಗೆ ಪಾಠ ಹೇಳುವವರ ಸಂಘ ಆಮೇಲೆ 2025 ಅಂದಿತು. ಅದೂ ಬಂತು. ಇವತ್ತಿಗೂ ಎಂಎಸ್‌ಎನ್ (ಇಲ್ಲಿನ ನರ್ಸಿಂಗ್ ಸ್ನಾತಕೋತ್ತರ ಪದವಿ) ಮಾಡಿದವರು ಪರೀಕ್ಷೆ ಬರೆದು ಕೆಲಸಕ್ಕೆ ಸೇರುತ್ತಲೇ ಇದ್ದಾರೆ. ನಿಜವಾಗಿ ಬಾಗಿಲು ಮುಚ್ಚಿದ್ದು ಅನಸ್ತೇಷಿಯಾ ಕೊಡುವ ನರ್ಸುಗಳಿಗೆ ಮಾತ್ರ: 2022ರಿಂದ ಸೇರುವ ಪ್ರತಿಯೊಬ್ಬರೂ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು. ನಿನಗೆ ಆ ಕೆಲಸದ ಆಸೆಯಿದ್ದರೆ ಮಾತು ಬೇರೆ. ಆಗ ಮೊದಲು ಐಸಿಯುಗೆ ವರ್ಗ ಕೇಳು, ಅಲ್ಲಿ ಕನಿಷ್ಠ ಒಂದು ವರ್ಷ ಆಗದೆ ಅವರು ಅರ್ಜಿ ಮುಟ್ಟುವುದಿಲ್ಲ.

ನಾನು ಮೊದಲು ಎಂಎಸ್‌ಎನ್, ಐದು ವರ್ಷ ಬಿಟ್ಟು ಡಿಎನ್‌ಪಿ ಮಾಡಿದೆ. ಓದಿನಲ್ಲಿ ಕಷ್ಟವಾಗಿದ್ದು ಪುಸ್ತಕವಲ್ಲ, ಪ್ರಿಸೆಪ್ಟರ್. ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವವರನ್ನು ನೀವೇ ಹುಡುಕಿಕೊಳ್ಳಿ ಅಂದರು ನನ್ನ ಕಾಲೇಜಿನವರು. ಫೀಸು ಪೂರ್ತಿ ತೆಗೆದುಕೊಂಡ ಮೇಲೆ! ನೈಟ್ ಮುಗಿಸಿ ಕಾರಲ್ಲೇ ಕೂತು ಒಂದೊಂದೇ ಕ್ಲಿನಿಕ್ಕಿಗೆ ಫೋನ್ ಮಾಡುತ್ತಿದ್ದೆ, ಸಂಬಂಧ ಕೇಳಿಕೊಂಡು ಮನೆಮನೆ ತಿರುಗಿದ ಹಾಗೆ. ಒಂದು ಸೆಮಿಸ್ಟರ್ ಅದಕ್ಕೇ ಹೋಯಿತು. ಹಾಗಾಗಿ ಯಾವ ಕಾಲೇಜಿನವರು ಫೋನ್ ಮಾಡಿದರೂ ಮೊದಲು ಕೇಳು: ಪ್ರಿಸೆಪ್ಟರನ್ನು ಹುಡುಕುವವರು ಯಾರು, ಟೆಕ್ಸಸ್‌ನಲ್ಲಿ ಕ್ಲಿನಿಕಲ್ ಮಾಡಿಸಲು ನಿಮಗೆ ಅನುಮತಿ ಇದೆಯಾ, ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯಾ. ತಡವರಿಸಿದರೆ ಫೋನ್ ಇಡು.

ಡಿಎನ್‌ಪಿಯಿಂದ ನನಗೆ ಏನೂ ಸಿಗಲಿಲ್ಲ ಅಂದರೆ ಸುಳ್ಳಾದೀತು. ಪಿಎಚ್‌.ಡಿ.ಯವರು ಹೊಸದನ್ನು ಹುಡುಕುತ್ತಾರೆ. ನಮ್ಮದು, ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾಡದ್ದನ್ನು ಮಾಡಿಸುವ ಓದು. ನನ್ನ ಪ್ರಾಜೆಕ್ಟ್ ಏನು ಗೊತ್ತಾ? ಸಕ್ಕರೆ ಕಾಯಿಲೆಯವರು ಕೋಣೆಗೆ ಬಂದ ಕೂಡಲೇ ಶೂ, ಸಾಕ್ಸು ಬಿಚ್ಚಿಸಿ ಕೂರಿಸುವುದು. ಅಷ್ಟೇ. ಕಾಲು ಬರಿದಾಗಿ ಕಣ್ಣೆದುರಿಗೆ ಇದ್ದರೆ ನೋಡದೆ ಬಿಡುವುದು ಕಷ್ಟ. ಅದನ್ನು ರೂಢಿ ಮಾಡಿಸಲು ಒಂದು ವರ್ಷ ಹಿಡಿಯಿತು, ನಮ್ಮ ಕ್ಲಿನಿಕ್ಕಿನಲ್ಲಿ ಈಗಲೂ ನಡೆಯುತ್ತಿದೆ.

ಆದರೆ ಸಂಬಳ? ನಮ್ಮಲ್ಲಿ ಎಂಎಸ್‌ಎನ್‌ಗೂ ಡಿಎನ್‌ಪಿಗೂ ಒಂದೇ. ಅಧಿಕಾರ? ಟೆಕ್ಸಸ್‌ನಲ್ಲಿ ಔಷಧಿ ಬರೆಯಬೇಕಾದರೆ ವೈದ್ಯರೊಬ್ಬರ ಜೊತೆ ಒಪ್ಪಂದ ಇರಲೇಬೇಕು, ಡಾಕ್ಟರೇಟ್ ಇದ್ದರೂ ಅಷ್ಟೇ. ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಎಂಎಸ್‌ಎನ್ ಮಾಡಿದವಳಿಗೂ ಅದು ಬೇಕಿಲ್ಲ. ಅದನ್ನು ತೀರ್ಮಾನಿಸುವುದು ರಾಜ್ಯದ ಕಾನೂನು, ನಿನ್ನ ಪದವಿಯಲ್ಲ. ಇನ್ನು ‘ಡಾಕ್ಟರ್’ ಅನ್ನಿಸಿಕೊಳ್ಳುವ ಆಸೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್ ಪ್ರಾಕ್ಟೀಷನರ್ ಹಾಗೆ ಕರೆದುಕೊಂಡದ್ದಕ್ಕೆ 2022ರಲ್ಲಿ ಹತ್ತಿರ ಹತ್ತಿರ 20 ಸಾವಿರ ಡಾಲರ್ ದಂಡ ಕಟ್ಟಬೇಕಾಯಿತು. ನಾನು ರೋಗಿಗಳ ಮುಂದೆ ನರ್ಸ್ ಪ್ರಾಕ್ಟೀಷನರ್ ಅಂತಲೇ ಹೇಳುವುದು. ದಾವಣಗೆರೆಯಲ್ಲಿ ನಮ್ಮತ್ತೆ ಬೀದಿಗೆಲ್ಲ ‘ನಮ್ಮ ಸೊಸೆ ಡಾಕ್ಟ್ರು’ ಅಂತ ಸಾರಿದ್ದಾರೆ, ರಜೆಗೆ ಹೋದರೆ ಅಕ್ಕಪಕ್ಕದವರು ಎಕ್ಸ್‌ರೇ ಹಿಡಿದುಕೊಂಡು ಬರುತ್ತಾರೆ. ಅದಕ್ಕೆ ಯಾವ ಕಾನೂನೂ ಇಲ್ಲ.

ಎರಡು ವರ್ಷ ವಾರ್ಡಿನಲ್ಲಿ ಇರು. ಇಲ್ಲಿನವರ ಉಚ್ಚಾರಣೆ, ಔಷಧಿಗಳ ಬ್ರ್ಯಾಂಡ್ ಹೆಸರು, ಇನ್ಶೂರೆನ್ಸ್ ಜಗಳ ಕಿವಿಗೆ ಬೀಳಲಿ. ಆಮೇಲೆ ಎಂಎಸ್‌ಎನ್. ಕೆಲಸ ಕೊಟ್ಟವರು ಓದಿಗೆ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ, ಎಚ್‌ಆರ್‌ನವರನ್ನು ಕೇಳು. ಆದರೆ ಅದನ್ನು ತೆಗೆದುಕೊಂಡರೆ ಇನ್ನಷ್ಟು ವರ್ಷ ಅಲ್ಲೇ ಇರಬೇಕು ಅನ್ನುವ ಷರತ್ತು ಇರಬಹುದು, ನಿನ್ನನ್ನು ಕರೆತಂದ ಏಜೆನ್ಸಿಯ ಬಾಂಡ್ ಬೇರೆ ಇದೆ. ಆ ಬಾಂಡಿನ ಪುಟಗಳ ಫೋಟೊ ಕಳಿಸು, ಎರಡನ್ನೂ ಒಟ್ಟಿಗೆ ನೋಡೋಣ. ಫೋನ್ ಮಾತ್ರ ಶನಿವಾರ ಸಂಜೆ ಮಾಡು, ನೈಟ್ ಮುಗಿಸಿ ಡ್ರೈವ್ ಮಾಡಿಕೊಂಡು ಮಾಡಬೇಡ.