ಹೊಗಳಿದರೆ ‘ಎಲ್ಲಿ, ಎಲ್ಲಿ?’ ಅಂತಾರೆ!

ಪ್ರಶ್ನೆ: ಆಕ್ಲೆಂಡ್‌ನಲ್ಲಿ ಓದುತ್ತಿದ್ದೇನೆ. ಬಾಡಿಗೆ ಮನೆಯಲ್ಲಿ ನನ್ನ ಜೊತೆ ಚೀನಾದ ಒಬ್ಬ ಹುಡುಗಿ, ಒಬ್ಬ ಹುಡುಗ ಇದ್ದಾರೆ. ಅವಳು ಮಾಡಿದ ಟೊಮೆಟೊ-ಮೊಟ್ಟೆ ತುಂಬಾ ಚೆನ್ನಾಗಿದೆ ಅಂದೆ. ‘ಇಲ್ಲ ಇಲ್ಲ, ಉಪ್ಪು ಜಾಸ್ತಿಯಾಗಿದೆ’ ಅಂದಳು. ಉಪ್ಪು ಸರಿಯಾಗೇ ಇತ್ತು! ಅವನ ಹೊಸ ಹೇರ್‌ಕಟ್ ಚೆನ್ನಾಗಿದೆ ಅಂದರೆ ‘ಓಕೆ’ ಅಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾನೇನಾದರೂ ತಪ್ಪು ಮಾತಾಡಿದೆನಾ?
– ಹಾಸನದ ಹುಡುಗಿ

ಉತ್ತರ: ಉಪ್ಪಿನ ವಿಷಯ ಮೊದಲು. ನಿಮ್ಮ ಅಮ್ಮನ ಸೀರೆ ಚೆನ್ನಾಗಿದೆ ಅಂತ ಪಕ್ಕದ ಮನೆಯವರು ಅಂದರೆ ಅಮ್ಮ ಏನು ಹೇಳುತ್ತಾರೆ? ‘ಅಯ್ಯೋ, ಹಳೇದು ಕಣ್ರೀ, ಮನೇಲಿ ಉಡೋಕೆ ಅಂತ ತೆಗೆದಿಟ್ಟಿದ್ದೆ.’ ಇದೂ ಅದೇ. ಅವಳು ನಿಮ್ಮ ಮಾತನ್ನು ತಳ್ಳಿಹಾಕಲಿಲ್ಲ, ಅವರ ಪದ್ಧತಿಯಲ್ಲಿ ತೆಗೆದುಕೊಂಡಳು. ಹೊಗಳಿಕೆಗೆ ಅವರಲ್ಲಿ ಹಿಂದಿನಿಂದ ಬಂದ ಉತ್ತರ ‘ನಾಲಿ ನಾಲಿ’, ಅಂದರೆ ‘ಎಲ್ಲಿ, ಎಲ್ಲಿ?’. ಅದರ ಮೇಲೆ ಒಂದು ಹಳೇ ಜೋಕೂ ಇದೆ: ಮದುವೆಗೆ ಬಂದ ವಿದೇಶಿಯೊಬ್ಬ ವಧು ಸುಂದರವಾಗಿದ್ದಾಳೆ ಅಂದ, ವರ ‘ನಾಲಿ ನಾಲಿ’ ಅಂದ, ಪಕ್ಕದಲ್ಲಿದ್ದವನು ಅದನ್ನು ‘ಎಲ್ಲೆಲ್ಲಿ?’ ಅಂತ ಅನುವಾದ ಮಾಡಿಬಿಟ್ಟ, ಪಾಪ ವಿದೇಶಿ ತಬ್ಬಿಬ್ಬಾಗಿ ‘ಎಲ್ಲಾ ಕಡೆ’ ಅಂದನಂತೆ.

ಈ ಪದ್ಧತಿ ಈಗ ಬದಲಾಗುತ್ತಿದೆ. ಚೀನಾದ ಶಿಯಾನ್ ನಗರದಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 95ರಷ್ಟು ಉತ್ತರಗಳು ‘ಇಲ್ಲಪ್ಪ, ಹಾಗೇನಿಲ್ಲ’ ಅನ್ನುವ ಥರದವು. ಅದೇ ಊರಿನಲ್ಲಿ ಮತ್ತೆ ಕೇಳಿ 2010ರಲ್ಲಿ ಪ್ರಕಟಿಸಿದಾಗ ಶೇ 60ಕ್ಕಿಂತ ಜಾಸ್ತಿ ಉತ್ತರಗಳು ಹೊಗಳಿಕೆಯನ್ನು ಒಪ್ಪಿಕೊಂಡಿದ್ದವು. (ಎರಡೂ ಪ್ರಶ್ನಾವಳಿ ಕೊಟ್ಟು ಬರೆಸಿಕೊಂಡವು. ಕಾಗದದ ಮೇಲೆ ಬರೆಯುವುದೇ ಬೇರೆ, ಒಲೆ ಮುಂದೆ ನಿಂತಾಗ ಬಾಯಿಗೆ ಬರುವುದೇ ಬೇರೆ.)

ಇನ್ನು ಹೇರ್‌ಕಟ್. ನೀವಿರುವ ನ್ಯೂಜಿಲೆಂಡ್‌ನಲ್ಲೇ ಜಾನೆಟ್ ಹೋಮ್ಸ್ ಎಂಬ ಭಾಷಾತಜ್ಞೆ 1980ರ ದಶಕದಲ್ಲಿ ಸುಮಾರು 480 ಹೊಗಳಿಕೆಗಳನ್ನು ಕಲೆಹಾಕಿದ್ದರು. ಮೂರರಲ್ಲಿ ಎರಡು ಪಾಲು ಹೆಂಗಸರ ಬಾಯಿಂದಲೇ ಬಂದವು. ಗಂಡಸರು ಗಂಡಸರನ್ನು ಹೊಗಳಿದ್ದು ನೂರಕ್ಕೆ ಹತ್ತೂ ಇಲ್ಲ! ಅದು ಅಲ್ಲಿನ ಸ್ಥಳೀಯರ ಲೆಕ್ಕ. ಆದರೆ ನಾನು ವಿದೇಶದಲ್ಲಿ ಓದುವಾಗ ಎರಡು ವರ್ಷ ಚೀನಾ ಸಹಪಾಠಿಗಳ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡವಳು, ಅಲ್ಲೂ ಹೆಚ್ಚುಕಮ್ಮಿ ಹೀಗೇ. ಹುಡುಗಿಯರು ಬಾಗಿಲಲ್ಲೇ ‘ಸಣ್ಣ ಆಗಿದ್ದೀಯಾ!’, ‘ಎಲ್ಲಿ, ನಿನ್ನ ಕೋಟೇ ಚೆನ್ನಾಗಿದೆ’ ಅಂತ ಶುರು ಮಾಡುತ್ತಿದ್ದರು, ಒಬ್ಬಳು ಕೊಟ್ಟರೆ ಇನ್ನೊಬ್ಬಳು ಬಡ್ಡಿ ಸಮೇತ ವಾಪಸ್. ಹುಡುಗರು ಫೋನಲ್ಲಿ ಆಟ ಆಡುವಾಗ ಒಂದೇ ಮಾತು, ‘ನಿಯೋ!’ ಅಂದರೆ ದನ. ಭಾರಿ ಆಟ ಕಣೋ ಅಂತ ಅರ್ಥ. ನಮ್ಮಲ್ಲಿ ‘ದನ’ ಅಂದು ನೋಡಿ, ಜಗಳಾನೇ! ಆ ಕಡೆಯಿಂದ ಥ್ಯಾಂಕ್ಸೂ ಇಲ್ಲ, ‘ಎಲ್ಲಿ ಎಲ್ಲಿ’ಯೂ ಇಲ್ಲ. ಸುಮ್ನೆ ಒಂದು ನಗು.

ಅಂಥವನಿಗೆ ಒಬ್ಬ ಹುಡುಗಿ, ಅದೂ ಅವನ ರೂಪದ ಬಗ್ಗೆ ಹೇಳಿದಳು. ಥ್ಯಾಂಕ್ಸ್ ಅಂದರೆ ಜಂಬ, ಅಲ್ಲ ಅಂದರೆ ನಿಮಗೆ ಬೇಜಾರು, ಜೊತೆಗೆ ‘ಇವಳು ಯಾಕೆ ಹೇಳಿದಳು’ ಅನ್ನುವ ಗೊಂದಲ ಬೇರೆ. ಎಲ್ಲಾ ಸೇರಿ ‘ಓಕೆ’ ಆಗಿದೆ, ಅಷ್ಟೇ. ನನಗಂತೂ ಅವನ ಮೇಲೆ ಸಿಟ್ಟಿಗಿಂತ ಕನಿಕರ ಜಾಸ್ತಿ.

ಅವನು ವೈಫೈ ಸರಿಮಾಡಿದಾಗಲೋ, ಪ್ರಾಜೆಕ್ಟ್ ಮುಗಿಸಿದಾಗಲೋ ‘ಲಿಹಾಯ್’ ಅಂದು ನೋಡಿ. ‘ಭಲೇ’ ಇದ್ದ ಹಾಗೆ ಅದು, ಕೆಲಸಕ್ಕೆ ಸಿಕ್ಕ ಹೊಗಳಿಕೆ, ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಅವಳ ಹತ್ತಿರ ‘ಇಲ್ಲ, ನಿಜವಾಗ್ಲೂ ಚೆನ್ನಾಗಿದೆ’ ಅಂತ ನಾಲ್ಕು ಸಲ ವಾದ ಮಾಡಬೇಡಿ. ಬಟ್ಟಲು ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಳ್ಳಿ.